ಬೇಳೆ ಬೇಯದ ನೀರು

ಮದ್ಯದಂಗಡಿ ಎದುರಾದರೆ ರಸ್ತೆ ದಾಟಿ ಆಚೆಯ ಬದಿಯಲ್ಲಿ ನಡೆಯುವ ಮನೆತನ ನಮ್ಮದು. ನಮ್ಮ ತಂದೆಯವರು 1939ರಲ್ಲಿ, ಹದಿನೆಂಟರ ಹರೆಯದಲ್ಲಿ, ಚಿತ್ರದುರ್ಗದ ಬಳಿಯ ತುರುವನೂರಿನ ಸತ್ಯಾಗ್ರಹದಲ್ಲಿ ಈಚಲು ಮರಗಳಿಗೆ ಕೊಡಲಿ ಹಾಕಿ ಬಂದವರು. ಆ ಕೊಡಲಿಯ ಕಾವು ಬಹುಕಾಲ ನಮ್ಮ ಮನೆಯ ಅಟ್ಟದ ಮೇಲಿದ್ದಿತು. ಅಂಥವರ ಮಗಳಾಗಿ ಹುಟ್ಟಿ, 31 ವರ್ಷ ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ, ಈಗ ಮೊಮ್ಮಕ್ಕಳ ಲೆಕ್ಕ ತಿದ್ದಿಕೊಂಡಿರಬೇಕಾದ ನಾನು ಬಿಯರ್ ತಯಾರಿಸುವ ಮನೆಯೊಂದಕ್ಕೆ ನೀರು ಶೋಧಿಸುವ ಏರ್ಪಾಡು ಮಾಡಿಕೊಟ್ಟೆನೆಂದರೆ ಓದುಗರು ಹುಬ್ಬೇರಿಸುವುದು ಸಹಜವೇ. ನಮ್ಮ ಬಂಧುಗಳು ಹುಬ್ಬೇರಿಸಿ ಇನ್ನೂ ಇಳಿಸಿಲ್ಲ.

ನನ್ನ ತಂಗಿಯ ಮಗ ಸಾಫ್ಟ್‌ವೇರ್ ಕೆಲಸವನ್ನು ಬಿಟ್ಟು, ಗೆಳೆಯರಿಬ್ಬರ ಜೊತೆಗೂಡಿ, ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕಟ್ಟಡವೊಂದರ ಮೇಲಂತಸ್ತನ್ನು ಬಾಡಿಗೆಗೆ ಹಿಡಿದು ಈ ಉದ್ಯಮಕ್ಕೆ ಕೈಹಾಕಿದ್ದನು. ಒಂದು ಸಲಕ್ಕೆ 500 ಲೀಟರ್, ವಾರಕ್ಕೆ ಎರಡು ಸಲ. ಬಿಯರ್ ಲೋಕದಲ್ಲಿ ಇದು ಗುಬ್ಬಚ್ಚಿಯ ಗೂಡು. ಆದರೂ ಅವನ ಉಳಿತಾಯವೆಲ್ಲ ಆ ಗೂಡಿನೊಳಗೆ ಹೋಗಿದ್ದಿತು. ಅವನ ತಾಯಿ, ಅಂದರೆ ನನ್ನ ತಂಗಿ, ಆ ವಿಷಯವನ್ನೇ ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಆಹಾರೋದ್ಯಮದಲ್ಲಿದ್ದಾನೆ" ಎಂದು ಹೇಳಿ ಕಾಫಿ ತರಲು ಒಳಗೆ ಎದ್ದುಹೋಗುವಳು.

2024ರ ಫೆಬ್ರವರಿಯಲ್ಲಿ ಒಂದು ಸಂಜೆ ಹುಡುಗ ನಮ್ಮ ಮನೆಗೆ ಬಂದು, "ದೊಡ್ಡಮ್ಮ, ನೀವು ಬಿಯರ್ ಮುಟ್ಟುವುದೂ ಬೇಡ, ಮೂಸುವುದೂ ಬೇಡ. ನೀರು ಮಾತ್ರ ನೋಡಿಕೊಡಿ. ಅಲ್ಲಿಯ ನೀರಿನ ಗುಟ್ಟು ನಮಗೆ ತಿಳಿಯುತ್ತಿಲ್ಲ," ಎಂದನು.

ಪತ್ರಿಕೆಯ ಮರೆಯಿಂದ ನಮ್ಮ ಮನೆಯವರು, "ಹೆಂಡದ ಮನೆಗೆ ನೀರು ಹೊರುವುದೆಂದರೆ ಇದೇ ಇರಬೇಕು," ಎಂದರು.

ನಾನು ಒಪ್ಪಿದೆ. ಏಕೆಂದು ಯಾರಾದರೂ ಕೇಳಿದರೆ ಎರಡು ಉತ್ತರಗಳಿವೆ. ಆ ಹುಡುಗ ನಷ್ಟಹೊಂದಿ, ಸೋತು, ಮನೆಗೆ ಹಿಂದಿರುಗಿ ಬರಲಿ ಎಂದು ಒಳಗೊಳಗೇ ಹಾರೈಸುವವರು ಬಂಧುಗಳಲ್ಲಿ ಸಾಕಷ್ಟಿದ್ದರು. ಆ ಗುಂಪಿಗೆ ಸೇರಲು ನನಗೆ ಮನಸ್ಸಾಗಲಿಲ್ಲ. ಇನ್ನೊಂದು, ಅವನು 'ನೀರು' ಎಂದನು. ನೀರಿನ ಪರೀಕ್ಷೆಯೆಂದರೆ ನನ್ನ ಕೈ ಸುಮ್ಮನಿರದು.

ನೀರಿನ ಗಡಸುತನವನ್ನು ಅಳೆಯುವ ಪ್ರಯೋಗ ಬಹು ಸುಂದರವಾದುದು. ನೀರಿಗೆ ಅಮೋನಿಯದ ದ್ರಾವಣವನ್ನೂ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನೂ ಸೇರಿಸಿದರೆ ಅದು ಕೆಂಪಾಗುತ್ತದೆ. ಮೇಲಿನ ಗಾಜಿನ ಕೊಳವೆಯಿಂದ ಇ.ಡಿ.ಟಿ.ಎ. ಎಂಬ ರಾಸಾಯನಿಕವನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಒಂದೊಂದಾಗಿ ಹಿಡಿದು ಕಟ್ಟಿಹಾಕುತ್ತದೆ. ಕಡೆಯ ಕಣವೂ ಸಿಕ್ಕಿಬಿದ್ದ ಗಳಿಗೆಯಲ್ಲಿ ಕೆಂಪೆಲ್ಲ ಮಾಯವಾಗಿ ನೀರು ಸ್ವಚ್ಛ ನೀಲಿಯಾಗಿಬಿಡುತ್ತದೆ. ಆ ಕೆಂಪಿಗೆ ಪಠ್ಯಪುಸ್ತಕಗಳು ಕೊಟ್ಟಿರುವ ಹೆಸರು 'ವೈನ್ ರೆಡ್'. ವೈನನ್ನು ಕಣ್ಣಿನಿಂದಲೂ ಕಾಣದ ನಾನು 31 ವರ್ಷ, ವೈನನ್ನು ಕಾಣದ ಹುಡುಗಿಯರಿಗೆ, "ವೈನಿನ ಬಣ್ಣ ಹೋಗಿ ನೀಲಿ ಬರಬೇಕು" ಎಂದು ಪಾಠ ಹೇಳಿದ್ದೇನೆ. ಮದ್ಯದ ಸೋಂಕು ನನಗೆ ಹೊಸದೇನೂ ಅಲ್ಲವೆಂದು ಬೇಕಾದರೆ ಬಂಧುಗಳು ತಿಳಿಯಲಿ.

ಹುಡುಗನ ಕಟ್ಟಡಕ್ಕೆ ಮೂರು ಕಡೆಯಿಂದ ನೀರು ಬರುತ್ತಿದ್ದಿತು. ವಾರದಲ್ಲಿ ಎರಡು ದಿನ ಕಾವೇರಿ. ಉಳಿದ ದಿನಗಳಲ್ಲಿ ಕಟ್ಟಡದ ಕೊಳವೆಬಾವಿ. ಅದೂ ಸಾಲದಾದಾಗ ಟ್ಯಾಂಕರು. ಮೂರೂ ಕೂಡಿ ನೆಲದಡಿಯ ಒಂದೇ ತೊಟ್ಟಿಗೆ ಬೀಳುತ್ತಿದ್ದವು. ನಾನು ಬೇರೆಬೇರೆಯಾಗಿ ಸೀಸೆಗಳಲ್ಲಿ ತುಂಬಿಸಿ ಪರೀಕ್ಷಿಸಿದೆ. ಕಾವೇರಿಯ ಗಡಸುತನ ಲೀಟರಿಗೆ 110 ಮಿಲಿಗ್ರಾಂ, ಕೊಳವೆಬಾವಿಯದು 480, ಟ್ಯಾಂಕರಿನದು ಒಂದು ದಿನ 390, ಮರುವಾರ 620. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ 200ನ್ನು ಮೇಲೆಂದೂ, ಬೇರೆ ನೀರು ಸಿಗದಿದ್ದರೆ 600ರವರೆಗೆ ಸಹಿಸಬಹುದೆಂದೂ ಗೊತ್ತುಮಾಡಿದೆ. ಹುಡುಗನು ನೀರಿನ ಗುಟ್ಟೆಂದು ತಿಳಿದಿದ್ದುದು ಒಂದು ನೀರಿನ ಗುಟ್ಟಾಗಿರಲಿಲ್ಲ. ಪ್ರತಿದಿನವೂ ತೊಟ್ಟಿಯಲ್ಲಿ ಬೇರೊಂದು ನೀರಿರುತ್ತಿದ್ದಿತು.

ಇಂಥ ನೀರಿನ ಪರಿಚಯ ನಮ್ಮ ಗೃಹಿಣಿಯರಿಗೆ ಪ್ರಯೋಗಶಾಲೆಯಿಲ್ಲದೆಯೇ ಉಂಟು. ಹೊಸ ಬಡಾವಣೆಗೆ ಮನೆ ಬದಲಾಯಿಸಿದವಳು ಮೊದಲನೆಯ ವಾರದಲ್ಲಿಯೇ, "ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ," ಎನ್ನುತ್ತಾಳೆ. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಎಂಬ ವಸ್ತುವನ್ನು ನೀರಿನ ಕ್ಯಾಲ್ಸಿಯಂ ಇನ್ನಷ್ಟು ಬಿಗಿಮಾಡುತ್ತದೆ. ಗಂಟೆಗಟ್ಟಲೆ ಕುದಿಸಿದರೂ ತೊಗರಿಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರವೂ ಈ ನೀರಿನ ಗುರುತೇ.

ಶಾಲೆಯ ಪುಸ್ತಕದಲ್ಲಿ ಗಡಸುತನವನ್ನು ತಾತ್ಕಾಲಿಕ, ಶಾಶ್ವತ ಎಂದು ಎರಡಾಗಿ ಹೇಳಿಕೊಟ್ಟುದು ಓದುಗರಿಗೆ ನೆನಪಿರಬಹುದು. ಬೈಕಾರ್ಬೊನೇಟಿನಿಂದ ಬಂದುದು ಕುದಿಸಿದರೆ ಹೋಗುತ್ತದೆ. ಸಲ್ಫೇಟಿನಿಂದ ಬಂದುದು ಹೋಗುವುದಿಲ್ಲ. ಪರೀಕ್ಷೆ ಮುಗಿದೊಡನೆ ನಾವೆಲ್ಲ ಮರೆತ ಈ ಭೇದದ ಮೇಲೆ ಯೂರೋಪಿನ ಕೆಲವು ಊರುಗಳ ಭಾಗ್ಯವೇ ನಿಂತಿದ್ದಿತೆಂದು ನನಗೆ ತಿಳಿದದ್ದು ಈಗ, ಹುಡುಗನು ತಂದುಕೊಟ್ಟ ಪುಸ್ತಕಗಳಿಂದ. ಬಿಯರಿಗೆ ಬೇಕಾದುದು ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ. ಮೊಳಕೆ ಕಟ್ಟಿದ ರಾಗಿ ಸಿಹಿಯಾಗುವುದನ್ನು ಬಲ್ಲ ನಮಗೆ ಇದರ ಮರ್ಮ ಹೊಸದಲ್ಲ. ಅದನ್ನು ನುಚ್ಚುಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ ಧಾನ್ಯದಲ್ಲಿಯೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಕಿಣ್ವಗಳಾದರೋ ಬಹು ನಾಜೂಕಿನ ಆಳುಗಳು. ಆ ಗಂಜಿ ಸ್ವಲ್ಪ ಹುಳಿಯಾಗಿರಬೇಕು, ಅದರ ಪಿ.ಎಚ್. 5.2ರಿಂದ 5.6ರೊಳಗೆ ಇರಬೇಕು. ಸಲ್ಫೇಟಿನೊಡನೆ ಬಂದ ಕ್ಯಾಲ್ಸಿಯಂ ಇದಕ್ಕೆ ನೆರವಾಗುತ್ತದೆ. ಬೈಕಾರ್ಬೊನೇಟು ಅಡ್ಡಗಾಲು ಹಾಕುತ್ತದೆ. ಅದು ಹೆಚ್ಚಾದರೆ ಧಾನ್ಯದ ಹೊಟ್ಟಿನಿಂದ ಟ್ಯಾನಿನ್ ಇಳಿದು, ಅತಿಯಾಗಿ ಕುದಿಸಿದ ಚಹದಂತೆ ಒಗರು ಬರುತ್ತದೆ. ಮನೆಯಲ್ಲಿ ಶಾಶ್ವತ ಗಡಸುತನವೇ ಹೆಚ್ಚಿನ ಪೀಡೆ. ಬಿಯರಿನವರಿಗೆ ಅದೇ ಮಿತ್ರ.

ಇಂಗ್ಲೆಂಡಿನ ಬರ್ಟನ್ ಎಂಬ ಊರಿನ ಬಾವಿಗಳಲ್ಲಿ ಜಿಪ್ಸಂ ಹೇರಳ. 1820ರ ದಶಕದಿಂದ ಅಲ್ಲಿಯ ತಿಳಿಬಣ್ಣದ, ಕಹಿಯಾದ ಬಿಯರ್ ಪೀಪಾಯಿಗಳಲ್ಲಿ ತುಂಬಿ ನಮ್ಮ ದೇಶದ ಬಂದರುಗಳಿಗೆ ಬರತೊಡಗಿತು. ನಮ್ಮವರಿಗಲ್ಲ, ನಮ್ಮನ್ನು ಆಳುತ್ತಿದ್ದವರಿಗೆ. ಇಂದಿಗೂ ಅದರ ಹೆಸರು 'ಇಂಡಿಯಾ ಪೇಲ್ ಏಲ್'. ಬೊಹೀಮಿಯದ ಪಿಲ್ಸೆನ್ನಿನ ನೀರು ಮಳೆನೀರಿನಷ್ಟು ಮೆದು. 1842ರಲ್ಲಿ ಅಲ್ಲಿ ಹುಟ್ಟಿದ ಹೊಂಬಣ್ಣದ ಬಿಯರನ್ನೇ ಲೋಕವೆಲ್ಲ ಅನುಕರಿಸಿತು. ಡಬ್ಲಿನ್ನಿನ ನೀರಿನಲ್ಲಿ ಬೈಕಾರ್ಬೊನೇಟು ಹೆಚ್ಚು. ಕರಿದಾಗುವಂತೆ ಹುರಿದ ಧಾನ್ಯಕ್ಕೆ ತನ್ನದೇ ಹುಳಿಯಿರುವುದರಿಂದ ಅದು ನೀರಿನ ಕ್ಷಾರವನ್ನು ಸರಿದೂಗಿಸಿತು. ಆ ಊರಿಗೆ ಕರಿಯ ಬಿಯರೇ ಒಗ್ಗಿತು. ಯಾರೂ ಲೆಕ್ಕಾಚಾರ ಹಾಕಿ ಮಾಡಿದುದಲ್ಲ. ಊರಿನ ನೀರಿಗೆ ತಕ್ಕ ಅಡುಗೆಯನ್ನು ತಲೆಮಾರುಗಳ ಕೈ ಕಂಡುಕೊಂಡಿತು, ಅಷ್ಟೆ.

ನನ್ನನ್ನು ನಿಜವಾಗಿ ಬೆರಗುಗೊಳಿಸಿದ ಸಂಗತಿ ಇನ್ನೊಂದು. ಹುಳಿ-ಕ್ಷಾರಗಳನ್ನು ಅಳೆಯುವ ಪಿ.ಎಚ್. ಎಂಬ ಮಾನವನ್ನು ನಾನು ಸಾವಿರಾರು ಮಕ್ಕಳಿಗೆ ಕಲಿಸಿದ್ದೇನೆ. ಅದನ್ನು 1909ರಲ್ಲಿ ರೂಪಿಸಿದವರು ಸೋರೆನ್‌ಸೆನ್ ಎಂಬುದು ನನಗೆ ಬಾಯಿಪಾಠ. ಆ ಮಹನೀಯರು ಕೆಲಸಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಎಂಬುದನ್ನು ನಮ್ಮ ಪಠ್ಯಪುಸ್ತಕ ಹೇಳಿರಲಿಲ್ಲ. ಹೇಳಿದ್ದರೆ ನಮ್ಮ ಪ್ರಾಂಶುಪಾಲರು ಆ ಪುಟವನ್ನು ಅಂಟಿಸಿಬಿಡುತ್ತಿದ್ದರೇನೋ.

ಇರಲಿ. ಶೋಧಕಯಂತ್ರ ಮಾರುವ ಒಬ್ಬ ಸಂಭಾವಿತರು ಹುಡುಗರಿಗೆ ಆಗಲೇ ಒಂದು ಯೋಜನೆ ಬರೆದುಕೊಟ್ಟಿದ್ದರು. ಒಳಗೆ ಬರುವ ನೀರನ್ನೆಲ್ಲ ಆರ್.ಓ. ಯಂತ್ರದ ಮೂಲಕವೇ ಹಾಯಿಸುವುದು. ಅದಕ್ಕೆ ಮೊದಲು ಉಪ್ಪಿನಿಂದ ನಡೆಯುವ ಮೆದುಕಾರಕವೊಂದನ್ನು ಕೂಡಿಸುವುದು. ಬಣ್ಣದ ಚಿತ್ರಗಳಿದ್ದ ಆ ಕಾಗದ ನೋಡಲು ಮದುವೆಯ ಕರೆಯೋಲೆಯಂತಿದ್ದಿತು. ನಾನು ಲೆಕ್ಕ ಮಾಡಿದೆ. ಇಂಥ ಸಣ್ಣ ಕಡೆಗಳಲ್ಲಿ ಒಂದು ಲೀಟರ್ ಬಿಯರಿಗೆ 5ರಿಂದ 7 ಲೀಟರ್ ನೀರು ಖರ್ಚಾಗುತ್ತದೆ. ಬಿಯರಿನೊಳಕ್ಕೆ ಹೋಗುವುದು ಸ್ವಲ್ಪ. ಮಿಕ್ಕುದೆಲ್ಲ ತೊಳೆಯಲು, ತಣಿಸಲು. 500 ಲೀಟರಿನ ಒಂದು ಪಾಕಕ್ಕೆ 3,000 ಲೀಟರ್ ಎಂದಿಟ್ಟುಕೊಳ್ಳಿ. ಆ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡುವಾಗ ಇನ್ನೊಂದು ಲೀಟರನ್ನು ಉಪ್ಪೆಲ್ಲ ತುಂಬಿ ಹೊರಕ್ಕೆ ಚೆಲ್ಲುತ್ತದೆ. ಎಂದರೆ ಪಾಕವೊಂದಕ್ಕೆ 6,000 ಲೀಟರ್, ವಾರಕ್ಕೆ 12,000. ಅದರಲ್ಲಿ ಅರ್ಧ ನೇರವಾಗಿ ಚರಂಡಿಗೆ.

ಹೊತ್ತು ಎಂಥದು? 2024ರ ಮಾರ್ಚ್ ತಿಂಗಳು ಬೆಂಗಳೂರಿನವರು ಬೇಗ ಮರೆಯುವಂಥದ್ದಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದಿತು. ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದವು. ಕುಡಿಯುವ ನೀರಿನಿಂದ ವಾಹನ ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಕಾವೇರಿಯ ಒಂದೊಂದು ಬಿಂದಿಗೆಯೂ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ, ಪಂಪುಗಳ ಬಲದಿಂದ ಏರಿ ಬರಬೇಕಾದ ಊರು ಇದು. ಹುಡುಗನ ಕಟ್ಟಡದ ಹಿಂದಿನ ಓಣಿಯಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು ಬೆಳಗಿನ ಐದು ಗಂಟೆಗೇ ಕೂಡುತ್ತಿದ್ದಿತು. ಟ್ಯಾಂಕರು ಬಂದರೆ ಮೊದಲು ಯಾರ ಕೊಳವೆಗೆ ಎಂಬುದರ ಮೇಲೆ ಜಗಳ. ಒಂದು ಬೆಳಿಗ್ಗೆ ನಾನು ಸೀಸೆಗಳ ಚೀಲ ಹಿಡಿದು ಅಲ್ಲಿಗೆ ಹೋದಾಗ, ಆ ಸಾಲಿನಲ್ಲಿದ್ದ ಒಬ್ಬ ಹೆಂಗಸು, "ಅಮ್ಮಾ, ನೀವು ನೀರು ಟೆಸ್ಟ್ ಮಾಡೋರಾ? ನಮ್ಮದನ್ನೂ ಸ್ವಲ್ಪ ನೋಡಿ," ಎಂದು ತನ್ನ ಕೊಡವನ್ನು ಮುಂದೆ ಸರಿಸಿದಳು.

ಆಕೆಯ ನೀರನ್ನು ಪರೀಕ್ಷಿಸಿದೆ, ಟ್ಯಾಂಕರಿನದೇ, 620. ಬೇಳೆ ಬೇಯುವ ಮಾತೇ ಇಲ್ಲ.

ಅಂದು ಹುಡುಗನೊಡನೆ ನಾನು ಕಟುವಾಗಿಯೇ ಮಾತನಾಡಿದೆ. ತಂದೆಯವರ ಕೊಡಲಿಯ ಪ್ರಶ್ನೆ ನನ್ನ ಮನಸ್ಸಿನಲ್ಲಿ ಒಂದು ಕಡೆಗೆ ಇದ್ದೇ ಇದ್ದಿತು. ಆದರೆ ಬಲ್ಲವರು ತಮ್ಮ ಹಣ ಕೊಟ್ಟು ಕುಡಿಯುವುದು, ಬಿಡುವುದು ಅವರವರ ವಿಚಾರ; ಹಿಂದಿನ ಓಣಿಯವರ ಕೊಡ ಬರಿದಾಗಿರುವಾಗ ಈ ಕಟ್ಟಡ ವಾರಕ್ಕೆ 6,000 ಲೀಟರನ್ನು ಸುಮ್ಮನೆ ಚರಂಡಿಗೆ ಸುರಿಯುವುದು ಹಾಗಲ್ಲ.

"ಈ ಕಾಗದದಂತೆ ಮಾಡುವುದಾದರೆ ನಾನು ಬರುವುದಿಲ್ಲ ಕಣೋ," ಎಂದೆ.

"ಹಾಗಾದರೆ ನಿಲ್ಲಿಸಿಬಿಡಲೇ ದೊಡ್ಡಮ್ಮ? ಬಾಡಿಗೆ ಕೊಡುತ್ತಿದ್ದೇನೆ, ಮೂರು ಜನಕ್ಕೆ ಸಂಬಳ ಕೊಡುತ್ತಿದ್ದೇನೆ. ಇನ್ನೂ ಒಂದು ಲೋಟ ಮಾರಿಲ್ಲ," ಎಂದನು. ಅವನ ದನಿಯಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಾಗಿದ್ದಿತು. ಸಣ್ಣವನಿದ್ದಾಗ ಲೆಕ್ಕ ಬಾರದಿದ್ದರೆ ಸ್ಲೇಟನ್ನು ನನ್ನ ಮಡಿಲಲ್ಲಿಟ್ಟು ಹೀಗೆಯೇ ನಿಲ್ಲುತ್ತಿದ್ದನು.

ಇಬ್ಬರೂ ಕುಳಿತು ಲೆಕ್ಕವನ್ನು ಮೊದಲಿನಿಂದ ಹಾಕಿದೆವು. ನೆಲ ತೊಳೆಯಲು ಆರ್.ಓ. ನೀರೇಕೆ? ಅಷ್ಟು ಶುದ್ಧ ನೀರು ಬೇಕಾದುದು ಬಿಯರಿನೊಳಕ್ಕೆ ಹೋಗುವ ಪಾಲಿಗೆ ಮಾತ್ರ. ಅದು ಪಾಕವೊಂದಕ್ಕೆ ಸುಮಾರು 730 ಲೀಟರ್. ಅದೂ ಪೂರ್ತಿಯಾಗಿ ಬೇಡ. ಕೊಳವೆಬಾವಿಯ ಕ್ಷಾರತೆ 320 ಇದ್ದಿತು. ಮೂರು ಪಾಲು ಆರ್.ಓ. ನೀರಿಗೆ ಒಂದು ಪಾಲು ಬಾವಿಯ ನೀರು ಬೆರೆಸಿದರೆ ಅದು 80ರ ಆಸುಪಾಸಿಗೆ ಇಳಿಯುತ್ತದೆ, ಗಡಸುತನ 120ಕ್ಕೆ. ಇದರಿಂದ ಯಂತ್ರದ ಪಾಲು 550 ಲೀಟರಿಗೆ ಬಂದಿತು; ಚೆಲ್ಲುವ ನೀರೂ ಅಷ್ಟೇ. ಪಾಕಕ್ಕೆ 6,000 ಲೀಟರ್ ಇದ್ದುದು 3,550 ಆಯಿತು. ಉಪ್ಪಿನ ಮೆದುಕಾರಕವನ್ನು ಹೊಡೆದುಹಾಕಿದೆ. ಅದು ಕ್ಯಾಲ್ಸಿಯಂ ಕಸಿದುಕೊಂಡು ಅದರ ಬದಲು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟನ್ನು ಇದ್ದಂತೆಯೇ ಬಿಡುತ್ತದೆ. ಬೇಕಾದುದನ್ನು ಕಳೆದು ಬೇಡದುದನ್ನು ಉಳಿಸಿದ ಹಾಗೆ. ಬಟ್ಟೆ ಒಗೆಯುವವರಿಗೆ ಅದು ಒಳ್ಳೆಯದು. ಯಂತ್ರದ ಪೊರೆಗೆ ಸುಣ್ಣದ ಪದರ ಕಟ್ಟದಿರಲು ಅದಕ್ಕೆಂದೇ ಇರುವ ದ್ರಾವಣವನ್ನು ಹನಿಹನಿಯಾಗಿ ಸೇರಿಸಿದರೆ ಸಾಕಾಗಿದ್ದಿತು.

ಕಡೆಗೆ ನಿಂತ ಏರ್ಪಾಡು ಬಹು ಸರಳ. ಮೊದಲು 5 ಮೈಕ್ರಾನಿನ ಸೋಸುಕ. ಅದು ಮಣ್ಣು, ತುಕ್ಕು ಹಿಡಿಯುತ್ತದೆ. ಆಮೇಲೆ ಇದ್ದಿಲಿನ, ಎಂದರೆ ಆಕ್ಟಿವೇಟೆಡ್ ಕಾರ್ಬನ್ನಿನ ಉರುಳೆ. ಕಾವೇರಿ ನೀರಿಗೆ ಹಾಕುವ ಕ್ಲೋರಿನ್ ನಮ್ಮ ಪ್ರಾಣ ಕಾಯುವಂಥದು. ಆದರೆ ಧಾನ್ಯದಲ್ಲಿರುವ ಫಿನಾಲುಗಳೊಡನೆ ಅದು ಕೂಡಿದರೆ ಹುಟ್ಟುವ ವಸ್ತುವಿಗೆ ಆಸ್ಪತ್ರೆಯ ಔಷಧಿಯ ವಾಸನೆ. ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ನಾಲಿಗೆಗೆ ತಿಳಿಯುತ್ತದಂತೆ. ಆರ್.ಓ. ಯಂತ್ರದ ತೆಳುವಾದ ಪೊರೆಯನ್ನೂ ಕ್ಲೋರಿನ್ ತಿಂದುಹಾಕುತ್ತದೆ. ಆದ್ದರಿಂದ ಇದ್ದಿಲು ಯಾವಾಗಲೂ ಯಂತ್ರಕ್ಕೆ ಮುಂಚೆ ಇರಬೇಕು. ಇದ್ದಿಲಿನ ಮೂಲಕ ನೀರು ನಿಧಾನವಾಗಿ ಹರಿಯಬೇಕು. ಆತುರದಿಂದ ನುಗ್ಗಿಸಿದರೆ ಕ್ಲೋರಿನ್ ತಪ್ಪಿಸಿಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ ಇದೆ. ಕ್ಲೋರಿನ್ ಕಳೆದುಕೊಂಡ ನೀರು ಕಾವಲುಗಾರನಿಲ್ಲದ ಮನೆಯಿದ್ದಂತೆ. ತೊಟ್ಟಿಯಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ. ಪಾಕದ ನೀರು ಹೇಗೂ ಕುದಿಯುತ್ತದೆ. ಆದರೆ ಕೊನೆಯಲ್ಲಿ ಪಾತ್ರೆ ಜಾಲಿಸುವ ನೀರಿಗಾಗಿ ಅತಿನೇರಳೆ ದೀಪವೊಂದನ್ನು ಇಡಿಸಿದೆ.

ಯಂತ್ರ ಚೆಲ್ಲುವ ನೀರಿಗೆ ಬೇರೆ ತೊಟ್ಟಿ ಕಟ್ಟಿಸಿದೆವು. ಅದರಲ್ಲಿ ಉಪ್ಪಿನಂಶ ಬಾವಿಯ ನೀರಿನ ಎರಡರಷ್ಟು. ಗಿಡಕ್ಕೆ ಸಲ್ಲದು, ಪಾತ್ರೆಗೆ ಸಲ್ಲದು. ಶೌಚಾಲಯಕ್ಕೂ ನೆಲಕ್ಕೂ ಧಾರಾಳವಾಗಿ ಸಲ್ಲುತ್ತದೆ. ಬಿಸಿಪಾಕವನ್ನು ತಣಿಸುವಾಗ ಬಿಸಿಯಾಗಿ ಹೊರಬರುವ ನೀರನ್ನು ಚೆಲ್ಲದೆ ಮರುದಿನದ ಪಾಕಕ್ಕೆ ಕೂಡಿಡುವಂತೆ ಕೊಳವೆ ತಿರುಗಿಸಿದುದು ಹುಡುಗನದೇ ಬುದ್ಧಿ. ಕೊಳವೆಗಳ ಮೇಲೆ ಮೂರು ಮಾಪಕಗಳನ್ನು ಕೂಡಿಸಿ, ಪ್ರತಿ ಶನಿವಾರ ಅಂಕಿಗಳನ್ನು ನನಗೆ ಕಳುಹಿಸಬೇಕೆಂದು ಷರತ್ತು ಹಾಕಿದೆ. ಮೊದಲ ತಿಂಗಳಲ್ಲಿ ಲೀಟರ್ ಬಿಯರಿಗೆ 7 ಲೀಟರಿಗಿಂತ ಸ್ವಲ್ಪ ಹೆಚ್ಚು. ವರ್ಷ ತುಂಬುವ ಹೊತ್ತಿಗೆ 5. ಓಣಿಯ ಸಾಲು ಆ ಬೇಸಿಗೆ ಮುಗಿಯುವವರೆಗೂ ಇದ್ದಿತು. ನಮ್ಮ ಮಾಪಕಗಳಿಂದ ಅದು ಒಂದು ಕೊಡದಷ್ಟೂ ಗಿಡ್ಡವಾಯಿತೆಂದು ನಾನು ಹೇಳಲಾರೆ.

ಮೊದಲ ಪಾಕದ ದಿನ ಹೋಗಿದ್ದೆ. ಬೆರೆಸಿದ ನೀರಿಗೆ ಕ್ಯಾಲ್ಸಿಯಂ ಕೊಡಲೆಂದು ಸಾವಿರ ಲೀಟರಿಗೆ 200 ಗ್ರಾಮಿನ ಲೆಕ್ಕದಲ್ಲಿ ಜಿಪ್ಸಂ ತೂಗಿ ಹಾಕಿದವಳು ನಾನೇ. ನುಚ್ಚು ನೀರಿನಲ್ಲಿ ಕಲಸಿಕೊಂಡಾಗ ಎದ್ದ ಪರಿಮಳ ನಮ್ಮ ಅಜ್ಜಿ ಮೊಳಕೆರಾಗಿ ಹುರಿಯುತ್ತಿದ್ದ ಅಡುಗೆಮನೆಯದು; ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಪಿ.ಎಚ್. 5.4 ತೋರಿಸಿತು. ಹುಡುಗ ಮಾಪಕವನ್ನು ಮೂರು ಸಲ ಒರೆಸಿ ಮೂರು ಸಲ ಅದ್ದಿ ನೋಡಿದನು. ಹಿಂಡಿದ ನುಚ್ಚನ್ನು ಕೊಂಡೊಯ್ಯಲು ಹಸು ಸಾಕುವವರೊಬ್ಬರು ಕೆಳಗೆ ಆಟೋ ನಿಲ್ಲಿಸಿಕೊಂಡು ಕಾದಿದ್ದರು. ನಾನು ಅಲ್ಲಿಂದ ಹೊರಟೆ. ಹುದುಗು ಹಾಕುವುದಾಗಲಿ, ಆಮೇಲಿನ ವ್ಯವಹಾರವಾಗಲಿ ನಾನು ಕಂಡುದಿಲ್ಲ; ಅದರ ರುಚಿ ಕೇಳಿದರೆ ಹೇಳಲಾರೆ. ಚೆನ್ನಾಗಿದೆಯೆಂದು ಜನ ಹೇಳುತ್ತಾರಂತೆ. ಬಾಡಿಗೆ ಹುಟ್ಟುತ್ತಿದೆ.

ನನ್ನ ತಂಗಿ ಇಂದಿಗೂ ಆ ಕಟ್ಟಡದ ಮೆಟ್ಟಿಲು ತುಳಿದಿಲ್ಲ. ಆದರೆ ಅವಳ ಮನೆಯಲ್ಲಿ ಇರುವುದು ಕೊಳವೆಬಾವಿಯ ನೀರು. ಕಳೆದ ವರ್ಷ ಹುಡುಗ ಒಂದು ಶನಿವಾರ ಬೆರೆಸಿದ ನೀರನ್ನು 20 ಲೀಟರಿನ ಕ್ಯಾನಿನಲ್ಲಿ ತುಂಬಿ ಮನೆಗೆ ತಂದಿಟ್ಟನು. ಮೂರು ದಿನ ಅದು ಅಡುಗೆಮನೆಯ ಹೊಸ್ತಿಲಾಚೆ ಹಾಗೆಯೇ ಇದ್ದಿತು. ನಾಲ್ಕನೆಯ ದಿನ ಟ್ಯಾಂಕರು ಬರಲಿಲ್ಲವೆಂದು ಅದರಲ್ಲಿಯೇ ಬೇಳೆಗೆ ಇಟ್ಟಳು; ಬೇಳೆ ಬೆಣ್ಣೆಯಂತೆ ಬೆಂದಿತು. ಕಾಫಿಯ ಡಿಕಾಕ್ಷನ್ನೂ ಮೊದಲಿನ ಹಾಗೆ ಇಳಿಯಿತಂತೆ. ಈಗ ವಾರಕ್ಕೆರಡು ಕ್ಯಾನು ಬರುತ್ತವೆ. ಎಲ್ಲಿಯ ನೀರೆಂದು ಅವಳು ಯಾರಿಗೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಮೊನ್ನೆ ದೂರವಾಣಿಯಲ್ಲಿ ಅದೂ ಇದೂ ಮಾತಾಡಿ ಮುಗಿಸಿದ ಮೇಲೆ ಅವಳು ಸ್ವಲ್ಪ ತಡೆದು, "ಅಕ್ಕಾ, ಅದೇನೋ ಇದ್ದಿಲಿನ ಉರುಳೆಯಂತೆ, ಆರು ತಿಂಗಳಿಗೊಮ್ಮೆ ಬದಲಾಯಿಸಬೇಕಂತಲ್ಲ. ಬದಲಾಯಿಸಿದ್ದಾನೋ ಇಲ್ಲವೋ, ನೀನೊಂದು ಸಲ ಹೋಗಿ ನೋಡಿಕೊಂಡು ಬಾ," ಎಂದಳು.